ಮಾರಿ ಅಂದರೆ ಮುಖ

ಶಾಲೆಯಲ್ಲಿ ನನ್ನನ್ನು ಯಾರೂ ಹೊಡೆಯುತ್ತಿರಲಿಲ್ಲ. ಮಕ್ಕಳ ಮೇಲೆ ಕೈ ಮಾಡಬಾರದೆಂಬ ಕಾನೂನು ಅಷ್ಟರಲ್ಲಿ ಬಂದಿತ್ತು. ನಮ್ಮ ತರಗತಿಯ ಬೆನ್ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಗುಜರಾತಿನಲ್ಲಿ ಹೆಣ್ಣು ಟೀಚರನ್ನು ಬೆನ್ ಎಂದೇ ಕರೆಯುವುದು. ನಾನು ತಪ್ಪು ಓದಿದಾಗ ಅವರು ಪುಸ್ತಕ ಮುಚ್ಚಿ ಮುಂದಿನ ಹುಡುಗಿಯ ಕಡೆ ತಿರುಗುತ್ತಿದ್ದರು. ಒಂದು ದಿನ ಅಪ್ಪನನ್ನು ಕರೆಸಿ, "ಇವಳನ್ನು ಟ್ಯೂಷನ್ನಿಗೆ ಹಾಕಿ, ಅಲ್ಲಿ ಸರಿಹೋಗುತ್ತಾಳೆ" ಎಂದರು. ಸರಿ ಮಾಡುವ ಕೆಲಸವೆಲ್ಲ ಟ್ಯೂಷನ್ನಿನಲ್ಲಿ ನಡೆಯುತ್ತಿತ್ತು.

ಅಪ್ಪ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದ. ಕೆಲಸ ಸಿಕ್ಕಿದ್ದು ಅಹಮದಾಬಾದಿನಲ್ಲಿ. ಕೆಲವು ವರ್ಷ ಒಬ್ಬನೇ ಇದ್ದು, ಮಣಿನಗರದ ಹತ್ತಿರ ಕ್ವಾರ್ಟರ್ಸ್ ಸಿಕ್ಕ ಮೇಲೆ ಅವ್ವನನ್ನೂ ನನ್ನನ್ನೂ ಕರೆಸಿಕೊಂಡ. ಅಷ್ಟರಲ್ಲಿ ನಾನು ಗದಗಿನ ಕಡೆಯ ನಮ್ಮೂರಲ್ಲಿ ಮೂರನೇ ಕ್ಲಾಸು ಮುಗಿಸಿದ್ದೆ. ಬೆಳಗಿನ ಪ್ರಾರ್ಥನೆ ಆದ ಮೇಲೆ ಪೇಪರಿನ ಸುದ್ದಿ ಓದುವವಳು ನಾನೇ. ದೊಡ್ಡ ಕ್ಲಾಸಿನ ಮಕ್ಕಳಿದ್ದರೂ ಗುರುಗಳು ನನ್ನನ್ನೇ ಮುಂದೆ ಕರೆಯುತ್ತಿದ್ದರು. ಅಹಮದಾಬಾದಿನಲ್ಲಿ ಮತ್ತೆ ಮೂರನೇ ಕ್ಲಾಸಿಗೇ ಕೂರಿಸಿದರು. ಹಿಂದಿ ಶಾಲೆ ಹಳಿಗಳ ಆಚೆಗಿತ್ತು, ಅಲ್ಲಿ ಜಾಗವೂ ಇರಲಿಲ್ಲ. ಹಾಗಾಗಿ ಹತ್ತಿರದ ಗುಜರಾತಿ ಶಾಲೆ.

ಅಕ್ಷರಗಳನ್ನು ನಾನು ಬೇಗ ಕಲಿತೆ. ನಮ್ಮಲ್ಲಿರುವ ಕ ಖ ಗ ಘ ಅಲ್ಲೂ ಇತ್ತು. ಆದರೆ ಅವರ ಘ ಮತ್ತು ಧ ನಡುವೆ ಕೂದಲೆಳೆಯಷ್ಟೇ ವ್ಯತ್ಯಾಸ. ರ ಎಂಬ ಅಕ್ಷರವೂ ಎರಡು ಎಂಬ ಅಂಕಿಯೂ ನೋಡಲು ಒಂದೇ. ಅದನ್ನೂ ದಾಟಿದರೆ ಇನ್ನೊಂದು ತೊಂದರೆ. ನಾನು ಕನ್ನಡ ಓದಿದವಳು, ಬರೆದ ಅಕ್ಷರವನ್ನೆಲ್ಲ ಪೂರ್ತಿ ಉಚ್ಚರಿಸಿ ಅಭ್ಯಾಸ. ಮನೆ ಎಂಬುದಕ್ಕೆ ಅವರು ಘ, ರ ಎಂದು ಬರೆದು 'ಘರ್' ಎಂದು ಬಾಯಿ ಮುಚ್ಚುತ್ತಿದ್ದರು. ನಾನು 'ಘರ' ಎಂದು ತೆರೆದೇ ಬಿಡುತ್ತಿದ್ದೆ. ಇಡೀ ತರಗತಿ ನಗುತ್ತಿತ್ತು. ಯಾಕೆ ನಗುತ್ತಾರೆ ಎಂದು ತಿಳಿಯದೆ ನಾನು ಇನ್ನಷ್ಟು ಸ್ಪಷ್ಟವಾಗಿ, ಇನ್ನಷ್ಟು ಗಟ್ಟಿಯಾಗಿ 'ಘರ' ಎನ್ನುತ್ತಿದ್ದೆ. ಓದಿದ ಸಾಲಿನ ಅರ್ಥ ಏನೆಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳಲು ನನಗೆ ಬರುತ್ತಿರಲಿಲ್ಲ.

ಟ್ಯೂಷನ್ ಹೇಳುವವರು ಎರಡು ಓಣಿ ಆಚೆಗಿದ್ದ ನಡುವಯಸ್ಸಿನ ಮನುಷ್ಯ. ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ನಮ್ಮನ್ನು ಕೂರಿಸುತ್ತಿದ್ದರು. ಒಂದು ಕಡೆ ಕಬ್ಬಿಣದ ಕಪಾಟು, ಇನ್ನೊಂದು ಕಡೆ ಅವರ ಕುರ್ಚಿ. ಕುರ್ಚಿಯ ಕೈಗೆ ಗಿಡಕ್ಕೆ ನೀರು ಬಿಡುವ ಹಸಿರು ಪೈಪಿನ ತುಂಡೊಂದನ್ನು ನೇತು ಹಾಕಿರುತ್ತಿದ್ದರು. ಒಳಗಿನ ಉಯ್ಯಾಲೆಯ ಮೇಲೆ ಅವರ ತಾಯಿ ಕೂತಿರುತ್ತಿದ್ದರು. ಓಣಿಗೆಲ್ಲ ಅವರು 'ಬಾ', ಗುಜರಾತಿಯಲ್ಲಿ ತಾಯಿ ಎಂದು. ಸರ್ ಸ್ನಾನಕ್ಕೆ ಹೋದಾಗ ಬಾ ನಮಗೆ ಹುರಿಗಡಲೆ ಕೊಟ್ಟು, ಬೇಗ ತಿಂದು ಬಾಯಿ ಒರೆಸಿಕೊಳ್ಳಿ ಎಂದು ಸನ್ನೆ ಮಾಡುತ್ತಿದ್ದರು.

ಸರ್ ಹೊಡೆಯುತ್ತಿದ್ದದ್ದು ಮೀನಖಂಡಕ್ಕೆ. ಫ್ರಾಕಿನ ಕೆಳಗೆ, ಕಾಲುಚೀಲದ ಮೇಲೆ. ನಿಂತು ಓದಬೇಕು. ಬಾಯಿ ತೆರೆದು ಮುಗಿಸಿದ ಒಂದೊಂದು ಪದಕ್ಕೂ ಒಂದೊಂದು ಏಟು. "ಘರ ನಹೀಂ. ಘರ್. ಫರೀ ವಾಂಚ್." ಫರೀ ವಾಂಚ್ ಎಂದರೆ ಮತ್ತೆ ಓದು. ಪೈಪು ಮೊದಲು ಚುರ್ ಎನ್ನುತ್ತಿತ್ತು, ಆಮೇಲೆ ಉರಿ ಏರುತ್ತಿತ್ತು, ಉರಿ ಏರುವಷ್ಟರಲ್ಲಿ ಮುಂದಿನ ಪದ ಬಂದಿರುತ್ತಿತ್ತು. ಅಳುವಿನಲ್ಲಿ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ತೆರೆದರೆ ಅದೂ ತಪ್ಪೇ.

ಅಪ್ಪ ಒಮ್ಮೆ ನನ್ನ ಕಾಲಿನ ಬಾಸುಂಡೆ ನೋಡಿದ. "ಸರ್ ಕಲಸಾಕತ್ತಾರ," ಅಂದ. "ನನಗೂ ಇಂಗ್ಲೀಷ್ ಹಿಂಗ ಬಂತು." ಅವ್ವ ಎಣ್ಣೆ ಹಚ್ಚಿದಳು. ಅವಳಿಗೆ ಅಲ್ಲಿ ಹೊರಗೆ ಹೋಗಲೂ ಹೆದರಿಕೆ. ತರಕಾರಿ ಗಾಡಿಯವನ ಎದುರು ಬೆರಳು ತೋರಿಸಿ, ತೂಕ ಸರಿಯಿಲ್ಲದಿದ್ದರೂ ಸುಮ್ಮನೆ ಚೀಲ ಹಿಡಿದು ಬರುತ್ತಿದ್ದಳು.

ಆ ಟ್ಯೂಷನ್ನಿನಲ್ಲಿ ನನಗೊಬ್ಬಳೇ ಗೆಳತಿ, ತೆಲುಗು ಹುಡುಗಿ. ಅವಳ ಅಪ್ಪ ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದ. ನನಗಿಂತ ದೊಡ್ಡವಳು, ಎತ್ತರದವಳು, ಅವಳನ್ನೂ ಮೂರನೇ ಕ್ಲಾಸಿಗೇ ಇಳಿಸಿದ್ದರು. ನಾನು 'ಘರ' ಎಂದರೆ ಅವಳು 'ಘರು'. ಅವಳ ಭಾಷೆಯಲ್ಲಿ ಪದದ ಕೊನೆಗೆ ಉ ಬಂದು ಕೂರುತ್ತದೆ. ನಮ್ಮಿಬ್ಬರ ನಡುವೆ ಪೂರ್ತಿ ಭಾಷೆಯೊಂದಿರಲಿಲ್ಲ. ಅವಳ ತೆಲುಗಿನ ಅರ್ಧ, ನನ್ನ ಕನ್ನಡದ ಅರ್ಧ, ಮಧ್ಯೆ ಕ್ವಾರ್ಟರ್ಸಿನಲ್ಲಿ ಕಲಿತ ಚೂರುಪಾರು ಹಿಂದಿ. ಏಟು ತಿಂದು ಬರುವಾಗ ಓಣಿಯಲ್ಲಿ ನಿಂತು ಯಾರ ಕಾಲು ಹೆಚ್ಚು ಕೆಂಪಾಗಿದೆ ಎಂದು ಹೋಲಿಸುತ್ತಿದ್ದೆವು.

ಆ ದಿನ ಓದಬೇಕಾಗಿದ್ದದ್ದು ಒಂದು ಒಂಟೆಯ ಪಾಠ. ಹೊರೆ ಹೊರಿಸಿದರೆ ಮಲಗಿಬಿಡುವ, ಹೊರೆ ಇಳಿಸಿದರೆ ಎದ್ದು ನಿಲ್ಲುವ ಸೋಮಾರಿ ಒಂಟೆ. ಅದು ನಗುವ ಪಾಠವೆಂದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ, ಆ ಪುಸ್ತಕ ಯಾರದೋ ಮನೆಯಲ್ಲಿ ಕೈಗೆ ಸಿಕ್ಕಾಗ. ಆಗ ನಮಗೆ ಅದರಲ್ಲಿ ಚಿತ್ರದ ಒಂಟೆಯೊಂದನ್ನು ಬಿಟ್ಟರೆ ಬೇರೇನೂ ಗೊತ್ತಾಗುತ್ತಿರಲಿಲ್ಲ.

ತೆಲುಗು ಹುಡುಗಿ ನಿಂತು ಓದುತ್ತಿದ್ದಳು. ಸರ್ ನಾವು ಹೋದಾಗಿನಿಂದಲೇ ಸಿಟ್ಟಿನಲ್ಲಿದ್ದರು, ಯಾಕೋ ಗೊತ್ತಿಲ್ಲ. ಏಟುಗಳು ಮೀನಖಂಡ ಬಿಟ್ಟು ತೊಡೆಗೆ, ಬೆನ್ನಿಗೆ ಏರುತ್ತಿದ್ದವು. ಅವಳು ಒಂದು ಹಂತದಲ್ಲಿ ಓದುವುದನ್ನು ನಿಲ್ಲಿಸಿದಳು. ಪೈಪು ಮತ್ತೆ ಬಂದಾಗ ಅದನ್ನು ಕೈಯಲ್ಲಿ ಹಿಡಿದಳು.

"ಮೂಕೀ ದೇ," ಅಂದರು ಸರ್. ಬಿಡು ಎಂದು.

ಅವಳು ಬಿಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ನಿಂತಳು. ಸರ್ ಜೋರಾಗಿ ಎಳೆದರು. ಅವಳೂ ಪೈಪಿನೊಂದಿಗೆ ಬಂದಳು. ಸರ್ ಕೈ ಜಾಡಿಸಿದ ರಭಸಕ್ಕೆ ಪೈಪು ಅವಳ ಕೈಯಿಂದ ಕಳಚಿ ಅವಳು ಕಪಾಟಿನ ಮೂಲೆಗೆ ಹೋಗಿ ಬಿದ್ದಳು. ತೆಂಗಿನಕಾಯಿ ಒಡೆದಂತೆ ಸಪ್ಪಳವಾಯಿತು. ಅವಳು ಈ ಕಡೆ ತಿರುಗಿದಾಗ ಹುಬ್ಬು ಸೀಳಿ ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಗಿತ್ತು. ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ಚಾಪೆಯ ಮೇಲೆ ತೆರೆದಿಟ್ಟಿದ್ದ ಪುಸ್ತಕಗಳ ಮೇಲೆಲ್ಲ ಹನಿಗಳು.

ಸರ್ ಮತ್ತೆ ಪೈಪು ಎತ್ತಿದರು. ಹೊಡೆಯಲೆಂದೋ, ಬದಿಗಿಡಲೆಂದೋ, ಇವತ್ತಿಗೂ ಹೇಳಲಾರೆ. ನಾನು ಎದ್ದು ಅವರ ಮುಂಗೈಗೆ ಬಾಯಿ ಹಾಕಿದೆ. ಹಲ್ಲು ಚರ್ಮ ದಾಟಿ ಒಳಗೆ ಇಳಿದದ್ದು ನೆನಪಿದೆ, ಬಾಯಲ್ಲಿ ಉಪ್ಪುಪ್ಪಾದದ್ದು ನೆನಪಿದೆ. ಅವರು ಇನ್ನೊಂದು ಕೈಯಿಂದ ನನ್ನ ಕಿವಿಯ ಮೇಲೆ ಹೊಡೆದರು. ನಾನು ಚಾಪೆಯ ಮೇಲೆ ಬಿದ್ದೆ. ಒಂದು ಕಿವಿಯಲ್ಲಿ ರೈಲು ಹೋದಂತೆ ಸದ್ದು, ಬೇರೇನೂ ಕೇಳಿಸಲಿಲ್ಲ. ಬಾ ಬಾಗಿಲಲ್ಲಿ ನಿಂತು ಏನೋ ಕೂಗುತ್ತಿದ್ದರು, ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಗೆಳತಿ ನನ್ನ ಜಡೆ ಹಿಡಿದು ಎಬ್ಬಿಸಿದಳು. ಇಬ್ಬರೂ ಓಡಿದೆವು.

ಕ್ವಾರ್ಟರ್ಸಿನ ನಲ್ಲಿಯ ಹತ್ತಿರ ಅವ್ವನೂ ಗೆಳತಿಯ ಅಮ್ಮನೂ ಬಟ್ಟೆ ಒಗೆಯುತ್ತಿದ್ದರು.

"ಯಾರ ಮಾಡಿದ್ರು ಇದನ್ನ?" ಅವ್ವ ಕೇಳಿದಳು.

"ಸರ್."

"ಯಾಕ?"

"ಓದಾಕ ಬರಲಿಲ್ಲ ಅಂತ."

ಅವ್ವ ಗೆಳತಿಯ ಗದ್ದ ಹಿಡಿದು ಮುಖ ಎತ್ತಿದಳು. "ಕೂಸಿನ ಮಾರಿ ನೋಡ ಹೆಂಗ ಒಡದಾನ," ಅಂದಳು. ನಮ್ಮ ಕಡೆ ಮಾರಿ ಅಂದರೆ ಮುಖ. ಗೆಳತಿಯ ಅಮ್ಮ ಆಗಲೇ ಸೀರೆ ಎತ್ತಿ ಸಿಕ್ಕಿಸಿ ಹೊರಟಿದ್ದಳು. ಅವ್ವ ಬಟ್ಟೆ ಬಡಿಯುವ ಮರದ ದೊಣ್ಣೆಯನ್ನು ಕೈಯಲ್ಲೇ ಹಿಡಿದು ಅವಳ ಹಿಂದೆ ಹೋದಳು. ಅದು ಕೈಯಲ್ಲಿದೆ ಎಂಬ ನೆನಪೂ ಅವಳಿಗೆ ಇರಲಿಲ್ಲ ಎಂದು ಅವಳು ಆಮೇಲೆ ಹೇಳುತ್ತಿದ್ದಳು. ನಾನು ಅದನ್ನು ನಂಬಿಲ್ಲ.

ಸರ್ ಕೈಗೆ ಅರಿಸಿನ ಹಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು. ಗೆಳತಿಯ ಅಮ್ಮ ಹೋದವಳೇ ಅವರ ಕೊರಳಪಟ್ಟಿ ಹಿಡಿದು ಹೊರಗೆಳೆದಳು. ಗಟ್ಟಿಮುಟ್ಟಾದ ಹೆಂಗಸು, ಕೂಲಿ ಮಾಡಿದ ಕೈ. ಸರ್ ಮೆಟ್ಟಿಲ ಮೇಲೆ ಬಿದ್ದರು. ಅವರು ಗುಜರಾತಿಯಲ್ಲಿ ಕೂಗುತ್ತಿದ್ದರು, ಅವಳು ತೆಲುಗಿನಲ್ಲಿ ಬೈಯುತ್ತಿದ್ದಳು, ಅವ್ವ ಕನ್ನಡದಲ್ಲಿ. "ಓದಾಕ ಬರಲಿಲ್ಲಂದ್ರ ಕಲಸ. ಕೊಲ್ಲತೀ ಏನ? ಕೂಸನ್ನ ಕೊಲ್ಲತೀ ಏನ?" ಎಂದು ಒಂದೊಂದು ಮಾತಿಗೂ ಒಂದೊಂದು ಏಟು. ಭುಜಕ್ಕೆ, ಬೆನ್ನಿಗೆ, ತಡೆಯಲು ಎತ್ತಿದ ಮೊಣಕೈಗೆ. ಓಣಿಯವರು ಬಾಗಿಲುಗಳಲ್ಲಿ ನಿಂತಿದ್ದರು. ಬಿಡಿಸಲು ಯಾರೂ ಇಳಿಯಲಿಲ್ಲ.

ಇಳಿದದ್ದು ಬಾ ಒಬ್ಬರೇ. ಮಗನ ಮೇಲೆ ಅಡ್ಡ ಬಂದು ಕೈ ಚಾಚಿದರು. ಅವ್ವನ ದೊಣ್ಣೆ ಅಷ್ಟರಲ್ಲಿ ಮೇಲಿನಿಂದ ಹೊರಟುಬಿಟ್ಟಿತ್ತು. ಮುದುಕಿಯ ಮಣಿಕಟ್ಟಿನ ಮೇಲೆ ಬಿತ್ತು. ಬಳೆ ಒಡೆದು ಚೂರುಗಳು ಚರ್ಮಕ್ಕೆ ಹೊಕ್ಕವು. ಕೈ ಇರಬಾರದ ಕಡೆಗೆ ಬಾಗಿತು. ಬಾ ಮೆಟ್ಟಿಲ ಮೇಲೆ ಕೂತು ತಮ್ಮ ಕೈಯನ್ನು ನೋಡುತ್ತಿದ್ದರು. ಅವ್ವ ದೊಣ್ಣೆ ಕೆಳಗೆ ಬಿಟ್ಟಳು.

ಗೆಳತಿಯನ್ನು ಅವಳ ಅಪ್ಪ ಅಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸಂಜೆ ಅಪ್ಪ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ದಾರಿಯಲ್ಲೇ ಅವನಿಗೆ ಸುದ್ದಿ ಮುಟ್ಟಿತ್ತು. ಒಳಗೆ ಬಂದವನೇ ಅವ್ವನ ಕೆನ್ನೆಗೆ ಹೊಡೆದ.

"ಮುದುಕಿ ಮ್ಯಾಲೆ ಕೈ ಎತ್ತೀಯಲ್ಲ. ಪರಊರಾಗ ಅದೀವಿ ಅನ್ನೂದು ನೆನಪಿಲ್ಲೇನ ನಿನಗ?"

"ಮಗಳ ಕಿವಿ ಕೇಳವಲ್ದು," ಅಂದಳು ಅವ್ವ. "ಮೊದಲ ಅದನ್ನ ನೋಡ. ಆಮ್ಯಾಲೆ ಇನ್ನೊಂದ ಕೆನ್ನಿಗೂ ಹೊಡಿ."

ಅಪ್ಪ ನನ್ನ ಕಡೆ ತಿರುಗಿ ಕಿವಿಯ ಹತ್ತಿರ ಚಿಟಿಕೆ ಹಾಕಿ ನೋಡುತ್ತಿದ್ದಾಗ ಹೊರಗೆ ಬೈಕುಗಳು ನಿಂತವು. ಸರ್ ಅವರ ತಮ್ಮ, ಅವನ ಜೊತೆ ಒಂದಿಷ್ಟು ಹುಡುಗರು. ಅಪ್ಪನನ್ನು ಹೊರಗೆ ಕರೆದರು. ಮಾತಾಡೋಣ ಎಂದು ಕೈ ಮುಗಿದುಕೊಂಡೇ ಅಪ್ಪ ಹೊರಗೆ ಹೋದ. ಮುಗಿದ ಕೈ ಬಿಡಿಸುವ ಮೊದಲೇ ಒಬ್ಬ ಹಾಕಿ ಆಟದ ಕೋಲಿನಿಂದ ಅವನ ಭುಜಕ್ಕೆ ಹೊಡೆದ. ಅಪ್ಪ ಕುಸಿದ. ಆಮೇಲೆ ಕಾಲುಗಳು. ಹೊಟ್ಟೆಗೆ, ಪಕ್ಕೆಗೆ, ತಲೆಗೆ. ಚಪ್ಪಲಿ ಹಾಕಿದ ಕಾಲು, ಬೂಟು ಹಾಕಿದ ಕಾಲು. ಅವ್ವ ಕುಕ್ಕರು ಎತ್ತಿಕೊಂಡು ಹೊರಗೆ ಓಡಿದಳು. ಅವಳನ್ನು ಒಬ್ಬ ತಳ್ಳಿದಾಗ ಗೋಡೆಗೆ ತಲೆ ತಾಗಿ ಕೂತುಬಿಟ್ಟಳು. ಪಕ್ಕದ ಕ್ವಾರ್ಟರ್ಸಿನ ರೈಲ್ವೆಯವರು ಕೂಗಿಕೊಂಡು ಬಂದಾಗ ಬೈಕುಗಳು ಹೊರಟವು. ಅಪ್ಪನ ಬಾಯಿಂದ ಮಣ್ಣು ಮಿಶ್ರಿತ ರಕ್ತ ಸುರಿಯುತ್ತಿತ್ತು. ಅವನು ನನ್ನನ್ನು ನೋಡಿ ಒಳಗೆ ಹೋಗು ಎಂಬಂತೆ ತಲೆ ಆಡಿಸಿದ.

ಮರುದಿನ ಬೆಳಿಗ್ಗೆ ಪೊಲೀಸ್ ಸ್ಟೇಷನ್ನಿನಿಂದ ಕರೆ ಬಂತು. ಅಪ್ಪ ರೈಲ್ವೆ ಆಸ್ಪತ್ರೆಯಲ್ಲಿ ಭುಜಕ್ಕೆ ಕಟ್ಟು ಹಾಕಿಸಿಕೊಂಡು ಮಲಗಿದ್ದ. ಅವ್ವ ನನ್ನ ಕೈ ಹಿಡಿದು ಹೋದಳು. ಸರ್ ಅಲ್ಲಿದ್ದರು, ಕೈಗೆ ಪಟ್ಟಿ. ನನ್ನನ್ನು ನೋಡಲಿಲ್ಲ. ಕಾನ್‌ಸ್ಟೇಬಲ್ ಒಂದು ಹಾಳೆ ಮುಂದಿಟ್ಟು, "ಸಮಝೌತಾ ಹೈ, ಸೈನ್ ಕರ್ ದೋ," ಅಂದ. ರಾಜಿಯಾಗಿದೆ, ಸಹಿ ಹಾಕು ಎಂದು.

ಅವ್ವನಿಗೆ ಅಷ್ಟು ಹಿಂದಿ ತಿಳಿಯುತ್ತಿತ್ತು. ಹಾಳೆ ಗುಜರಾತಿಯಲ್ಲಿತ್ತು. ಅವಳು ಅದನ್ನು ನನ್ನ ಕಡೆ ಸರಿಸಿದಳು. "ನೀ ಓದ. ಅದಕ್ಕಲ್ಲೇನ ನಿನ್ನ ಕಳಸಿದ್ದು."

ಕಾನ್‌ಸ್ಟೇಬಲ್ ನಕ್ಕು, ಓದಲಿ ಬಿಡು ಎಂದ.

ನಾನು ನಿಂತು ಓದಿದೆ. ಆ ದಿನ ಒಂದು ತಪ್ಪೂ ಆಗಲಿಲ್ಲ. ಪ್ರತಿ ಪದದ ಕೊನೆಗೂ ಮೀನಖಂಡ ಬಿಗಿಯುತ್ತಿತ್ತು, ಬಿಗಿದ ಕೂಡಲೇ ಬಾಯಿ ಮುಚ್ಚುತ್ತಿತ್ತು. ಘ ಎಲ್ಲಿದೆ, ಧ ಎಲ್ಲಿದೆ, ಎಲ್ಲವನ್ನೂ ಗುರುತಿಸಿದೆ. ಸರ್ ಕೂಡ ತಲೆ ಎತ್ತಿ ಕೇಳುತ್ತಿದ್ದರು. "ಸಾರುಂ ವಾಂಚೇ ಛೇ," ಅಂದ ಕಾನ್‌ಸ್ಟೇಬಲ್, ಚೆನ್ನಾಗಿ ಓದುತ್ತಾಳೆ. ಓದಿದ್ದರಲ್ಲಿ ನನಗೆ ಅರ್ಥವಾದದ್ದು ಏನೂ ಇಲ್ಲ.

"ಏನ ಬರದಾರ?" ಅವ್ವ ಕೇಳಿದಳು. "ಆ ಕೂಸಿನ ಮಾರಿ ಒಡದದ್ದು ಬರದಾರೇನ?"

ನಾನು ಹಾಳೆಯಲ್ಲಿ ಹುಡುಕಿದೆ. ಅಲ್ಲಿ ಆ ಪದ ಇತ್ತು. "ಐತಿ ಅವ್ವಾ. ನೋಡ, ಮಾರೀ ಅಂತ ಐತಿ. ಇಲ್ಲೂ ಐತಿ."

ಅವ್ವ ಅಕ್ಷರ ನೋಡಿ, ನಿಟ್ಟುಸಿರು ಬಿಟ್ಟು, ಕನ್ನಡದಲ್ಲಿ ಸಹಿ ಹಾಕಿದಳು.

ಅದು 'ಮಾರೀ ಮಾನೇ ಮಾರೀ' ಎಂದಿತ್ತು. ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಅವನ ಜೊತೆ ಕೆಲಸ ಮಾಡುವ ಗುಜರಾತಿಯೊಬ್ಬರು ಅದರ ನಕಲನ್ನು ಓದಿ ಹೇಳಿದರು. ಮೊದಲ ಮಾರೀ ಅಂದರೆ 'ನನ್ನ', ಕೊನೆಯ ಮಾರೀ ಅಂದರೆ 'ಹೊಡೆದಳು'. ನನ್ನ ತಾಯಿಯನ್ನು ಹೊಡೆದಳು, ಎಂದು ಸರ್ ಬರೆಸಿದ್ದರು. ಪೈಪಿನ ಮಾತು ಅದರಲ್ಲಿ ಇರಲಿಲ್ಲ. ಒಡೆದ ಹುಬ್ಬಿನ ಮಾತಿಲ್ಲ, ನನ್ನ ಕಿವಿಯ ಮಾತಿಲ್ಲ. ಅವ್ವ ತಪ್ಪೊಪ್ಪಿಕೊಂಡಿದ್ದಾಳೆ, ಯಾರ ಮೇಲೂ ದೂರಿಲ್ಲ, ಎಂದು ಕೊನೆಗೆ. ಹಾಗಾಗಿ ಅಪ್ಪನನ್ನು ಹೊಡೆದವರ ಮೇಲೂ ಏನೂ ನಡೆಯಲಿಲ್ಲ.

ಅಪ್ಪ ನಕಲನ್ನು ಮಡಚಿಟ್ಟ. ಆಮೇಲೆ ನನ್ನ ಕಡೆ ನೋಡಿದ. ನಾನು ಗೋಡೆಗೆ ಒತ್ತಿಕೊಂಡೆ.

"ಆಕಿನ್ನ ಯಾಕ ನೋಡ್ತಿ?" ಅಂದಳು ಅವ್ವ. "ಸುಳ್ಳೇನ ಬರದಿಲ್ಲ ಅವರು. ಹೊಡದೀನಿ ನಾನು." ಎದ್ದು ಒಲೆಯ ಕಡೆ ಹೋದವಳು ಅಲ್ಲಿಂದಲೇ ಹೇಳಿದಳು, "ಮುದುಕಿಗೆ ಬಿದ್ದದ್ದಕ್ಕ ಸಂಕಟ ಐತಿ. ಅವಂಗ ಬಿದ್ದದ್ದಕ್ಕ ಇಲ್ಲ."

ಗೆಳತಿಯ ಹುಬ್ಬಿಗೆ ಹೊಲಿಗೆ ಬಿತ್ತು. ಅವಳನ್ನು ಆಂಧ್ರದ ಅಜ್ಜಿಯ ಊರಿಗೆ ಕಳಿಸಿಬಿಟ್ಟರು, ಅಲ್ಲಿ ತೆಲುಗು ಶಾಲೆಯಿದೆ ಎಂದು. ಹೊರಡುವ ದಿನ ಅವಳು ಬಂದಾಗ ಹುಬ್ಬಿನ ಜಾಗ ಬೋಳಾಗಿತ್ತು, ದಾರ ಹೊರಗೆ ಕಾಣುತ್ತಿತ್ತು. ಮುಟ್ಟಿ ನೋಡು ಎಂದಳು. ಮುಟ್ಟಿದೆ. ಅವಳನ್ನು ಮತ್ತೆ ನೋಡಲಿಲ್ಲ. ನನ್ನ ಕಿವಿ ತಿಂಗಳುಗಟ್ಟಲೆ ಸೋರಿ, ನಿಧಾನವಾಗಿ ವಾಸಿಯಾಯಿತು. ಅಪ್ಪನ ತೋಳು ಭುಜಕ್ಕಿಂತ ಮೇಲೆ ಏಳುವುದಿಲ್ಲ. ಇವತ್ತಿಗೂ ಅಂಗಿಗೆ ಆ ಕೈಯನ್ನು ಅವ್ವನೇ ತೂರಿಸುತ್ತಾಳೆ.

ಅಪ್ಪ ವರ್ಗ ಕೇಳಿಕೊಂಡ. ಸೂರತ್ತಿಗೆ ಹೋದೆವು. ನನ್ನನ್ನು ಪಾಂಡೇಸರಾ ಕಡೆಯ ಒಂದು ಶಾಲೆಗೆ ಸೇರಿಸಿದರು. ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳ ನಡುವೆ ಇತ್ತು, ಅದರ ಪಕ್ಕದ ಚರಂಡಿ ಒಂದು ದಿನ ಕೆಂಪು, ಒಂದು ದಿನ ನೀಲಿ. ಮಿಲ್ಲಿನಲ್ಲಿ ದುಡಿಯುವವರ ಮಕ್ಕಳೇ ತರಗತಿಯಲ್ಲಿ ತುಂಬಿದ್ದರು. ಒಡಿಯಾ, ಭೋಜಪುರಿ, ಮರಾಠಿ. ಗುಜರಾತಿ ಮನೆಮಾತಾಗಿದ್ದವರು ಕೈಬೆರಳಲ್ಲಿ ಎಣಿಸುವಷ್ಟು.

ಅಲ್ಲಿನ ಬೆನ್ ನಾನು ಓದುವುದನ್ನು ಮೊದಲ ದಿನವೇ ಗಮನಿಸಿದರು. "ಪದ ಮುಗಿದ ಕೂಡಲೇ ಕಾಲು ಯಾಕೆ ಎತ್ತುತ್ತೀ?" ಎಂದು ಕೇಳಿದರು. ನಾನು ಎತ್ತುತ್ತಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ. ಉತ್ತರ ಹೇಳುವಷ್ಟು ಮಾತು ನನ್ನಲ್ಲಿರಲಿಲ್ಲ. ಹೊಸ ಶಾಲೆಯ ಮೊಣಕಾಲುದ್ದದ ಕಾಲುಚೀಲ ಇಳಿಸಿ ತೋರಿಸಿದೆ. ಹಳೆಯ ಗೆರೆಗಳು ಕಂದು ಬಣ್ಣವಾಗಿ ಉಳಿದಿದ್ದವು. ಅವರು ನೋಡಿದರು, ಕಾಲುಚೀಲವನ್ನು ಅವರೇ ಮೇಲೆಳೆದರು. ಆಮೇಲೆ ಬಹಳ ದಿನ ನನ್ನನ್ನು ಓದಲು ಎಬ್ಬಿಸಲಿಲ್ಲ. ಮಾತಾಡಿಸುತ್ತಿದ್ದರು. ಮನೆಯಲ್ಲಿ ಏನು ಅಡುಗೆ, ದಾರಿಯಲ್ಲಿ ಏನು ಕಂಡೆ. ನಾನು ಒಂದೊಂದು ಪದ ಹೇಳಿದರೆ ಅವರು ಸಾಲು ಮಾಡಿ ತಿರುಗಿ ಹೇಳುತ್ತಿದ್ದರು.

ನನ್ನ ಪಕ್ಕ ಕೂರುತ್ತಿದ್ದವಳು ಒಬ್ಬ ಒಡಿಯಾ ಹುಡುಗಿ. ಅವಳ ಬಾಯಲ್ಲಿ ಮನೆ 'ಘೊರೊ' ಆಗುತ್ತಿತ್ತು. ಒಂದು ಮಧ್ಯಾಹ್ನ ಬೆನ್ ಹೊರಗೆ ಹೋಗಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, ಗುಜರಾತಿಯವನೇ, ಅವಳ ಕೈಗೆ ಪುಸ್ತಕ ಕೊಟ್ಟು ಓದು ಎಂದ. ಅವಳು ಓದಿದಳು. ಅವನು ನಕ್ಕು, ಅವಳ ಜಡೆ ಹಿಡಿದು ಮುಖವನ್ನು ಬೆಂಚಿಗೆ ಗುದ್ದಿದ. "ಫರೀ ವಾಂಚ್," ಅಂದ.

ನನ್ನ ಕೈಯಲ್ಲಿ ಸ್ಟೀಲಿನ ನೀರಿನ ಬಾಟಲಿ ಇತ್ತು. ಅದರಿಂದ ಅವನ ಬಾಯಿಗೆ ಹೊಡೆದೆ. ತುಟಿ ಒಡೆಯಿತು. ಅವನು ನನ್ನ ಹೊಟ್ಟೆಗೆ ಒದ್ದ. ಇಬ್ಬರೂ ನೆಲಕ್ಕೆ ಬಿದ್ದೆವು. ಅವನ ಕೂದಲು ನನ್ನ ಮುಷ್ಟಿಯಲ್ಲಿ, ನನ್ನ ಕೊರಳು ಅವನ ಕೈಯಲ್ಲಿ. ಬೆನ್ ಬಂದು ಬಿಡಿಸಿದಾಗ ನಾನು ಮಾತಾಡುತ್ತಲೇ ಇದ್ದೆ. ಪಹೇಲಾ ಏಣೇ ಮಾರ್ಯುಂ, ಮೊದಲು ಅವನು ಹೊಡೆದ. ಪಛೀ ಮೇಂ ಮಾರ್ಯುಂ, ಆಮೇಲೆ ನಾನು ಹೊಡೆದೆ. ಅವಳ ತಲೆ ಬೆಂಚಿಗೆ ಹೀಗೆ ಬಡಿದ, ಅವಳು ಅಳಲೂ ಇಲ್ಲ. ನಿಲ್ಲಿಸದೆ ಹೇಳಿದೆ. ಹೇಳುತ್ತಾ ಹೋದಂತೆ ತರಗತಿಯೆಲ್ಲ ನನ್ನ ಕಡೆ ತಿರುಗಿತು. ನಾನು ಗುಜರಾತಿಯಲ್ಲಿ ಹೇಳುತ್ತಿದ್ದೇನೆ ಎಂಬುದು ಎಲ್ಲರಿಗಿಂತ ಕೊನೆಗೆ ಗೊತ್ತಾದದ್ದು ನನಗೆ.

ಬೆನ್ ನಮ್ಮಿಬ್ಬರನ್ನೂ ಬೋರ್ಡಿನ ಎರಡು ಬದಿಗೆ ನಿಲ್ಲಿಸಿದರು. ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆದು, "ಓದು" ಅಂದರು. ಓದಿದೆ. ಯಾರು, ಯಾರನ್ನು, ಯಾಕೆ ಎಂಬುದೆಲ್ಲ ಆ ಸಾಲುಗಳಲ್ಲಿ ನನಗೆ ಕಾಣುತ್ತಿತ್ತು. ಅವನ ಕಡೆಯದನ್ನೂ ಬರೆದರು. ತಮಾಷೆಗೆ ಮಾಡಿದೆ, ಇಷ್ಟು ಜೋರಾಗಿ ತಾಗುತ್ತದೆ ಅಂದುಕೊಂಡಿರಲಿಲ್ಲ, ಎಂದ. ಅದನ್ನು ಓದಲು ಬೆನ್ ಒಡಿಯಾ ಹುಡುಗಿಗೆ ಹೇಳಿದರು. ಅವಳು ಮೂಗಿಗೆ ಒತ್ತಿಕೊಂಡಿದ್ದ ರಕ್ತದ ಕರವಸ್ತ್ರ ತೆಗೆದು, ಒಂದೊಂದೇ ಪದವನ್ನು ತನ್ನ ಊರಿನ ಹಾಗೆಯೇ ದುಂಡಗೆ ಮಾಡಿ, ಕೊನೆಯತನಕ ಓದಿದಳು. ಆಮೇಲೆ ಡಸ್ಟರ್ ತೆಗೆದುಕೊಂಡು ಅವನ 'ತಮಾಷೆಗೆ' ಎಂಬ ಪದವೊಂದನ್ನು ಮಾತ್ರ ಒರೆಸಿ ಬಂದು ಕೂತಳು.